ಅಪ್‌ಲೋಡಿನ ಕಾಲ ಎಲ್ಲಿ ಹೋಗುತ್ತದೆ?

ರಾಯಚೂರು ಜಿಲ್ಲೆಯ ಬಳಗಾನೂರು ಎಂಬ ಊರು ಮೊದಲು ಸಿಂಧನೂರು ತಾಲ್ಲೂಕಿನಲ್ಲಿತ್ತು, ಈಗ ಮಸ್ಕಿ ತಾಲ್ಲೂಕಿನಲ್ಲಿದೆ. ಅದಕ್ಕೂ ಹಿಂದೆ, 1956ರವರೆಗೆ, ಇಡೀ ರಾಯಚೂರು ಜಿಲ್ಲೆಯೇ ಹೈದರಾಬಾದ್ ರಾಜ್ಯದಲ್ಲಿತ್ತು. ಹಾಗಾಗಿ ಈ ಭಾಗದ ಹೊಲಗಳ ಹಳೆಯ ಕಾಗದಗಳಲ್ಲಿ ಬಹಳಷ್ಟು ಉರ್ದುವಿನಲ್ಲಿವೆ. ಸೇತ್ವಾರ್, 1954-55ರ ಖಾಸ್ರಾ ಪಹಣಿ ಎಂಬ ಹೆಸರುಗಳನ್ನು ಜಮೀನಿನ ವ್ಯಾಜ್ಯ ಕಂಡ ಯಾವ ಮನೆಯವರೂ ಮರೆಯಲಾರರು. ಮುಟ್ಟಿದರೆ ಪುಡಿಯಾಗುವ ಇಂಥ ಹಾಳೆಗಳಿಗೆ ಇನ್ನೊಂದು ಪ್ರತಿ ಇರುವುದು ಅಪರೂಪ. ಕಂದಾಯ ಇಲಾಖೆ 2024ರ ಜನವರಿಯಲ್ಲಿ, ಕೃಷ್ಣ ಬೈರೇಗೌಡರು ಸಚಿವರಾಗಿದ್ದಾಗ, ‘ಭೂ ಸುರಕ್ಷಾ’ ಯೋಜನೆಯನ್ನು ಪ್ರಾಯೋಗಿಕವಾಗಿ ಜಿಲ್ಲೆಗೊಂದು ತಾಲ್ಲೂಕಿನಲ್ಲಿ ಆರಂಭಿಸಿ, ದಾಖಲೆ ಕೊಠಡಿಗಳಲ್ಲಿರುವ ಕೋಟಿಗಟ್ಟಲೆ ಪುಟಗಳನ್ನು ಸ್ಕ್ಯಾನ್ ಮಾಡಿಸುವ ಕೆಲಸಕ್ಕೆ ಕೈಹಾಕಿತು.

ಸ್ಕ್ಯಾನಿಂಗ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಸ್ಕ್ಯಾನ್ ಆದ ಚಿತ್ರಗಳು ತಾಲ್ಲೂಕಿನ ಡಿಸ್ಕಿನಿಂದ ದೂರದ ಸುರಕ್ಷಿತ ಸಂಗ್ರಹಕ್ಕೆ ಹೇಗೆ, ಎಷ್ಟು ಹೊತ್ತಿನಲ್ಲಿ ಮುಟ್ಟುತ್ತವೆ ಎಂಬ ಮಾತು ಮಾತ್ರ ಕಡಿಮೆ. ಆದರೆ ಮುಟ್ಟುವ ತನಕ ಆ ಪುಟ ಸುರಕ್ಷಿತವಲ್ಲ. ರಾಯಚೂರಿನ ಬೇಸಿಗೆಯಲ್ಲಿ ಬೀರುವಿನೊಳಗೆ ಇಟ್ಟ ಹಾರ್ಡ್ ಡಿಸ್ಕು ಕಾಗದಕ್ಕಿಂತ ಹೆಚ್ಚು ಬಾಳುತ್ತದೆ ಎಂದು ನಂಬಲು ನನಗೆ ಯಾವ ಆಧಾರವೂ ಕಂಡಿಲ್ಲ.

ಕಂದಾಯ ದಾಖಲೆಗಷ್ಟೇ ಈ ಪ್ರಶ್ನೆ ಸೀಮಿತವಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಮಸ್ಕಿಯ ಅಶೋಕ ಶಾಸನದಿಂದ ಹಿಡಿದು ಮುದಗಲ್ ಕೋಟೆಯ ಬರಹಗಳವರೆಗೆ ಈ ನೆಲದಲ್ಲಿ ಕಲ್ಲುಗಳೂ ಓದಿಸಿಕೊಳ್ಳಲು ಕಾದಿವೆ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಶಾಸನಗಳ ಮೂರು ಆಯಾಮದ ಸ್ಕ್ಯಾನಿಂಗ್ ನಡೆಸುತ್ತಿದೆ. ಇದೇ ಕೆಲಸವನ್ನು ಕ್ಯಾಮೆರಾದಿಂದ ಮಾಡುವುದಾದರೆ ಒಂದು ಕಲ್ಲಿಗೆ ನೂರೈವತ್ತು ಫೋಟೊ, ಫೋಟೊಗೆ 25 ಎಂಬಿ ಎಂದು ಹಿಡಿದರೂ ಸುಮಾರು ನಾಲ್ಕು ಜಿಬಿ ಆಗುತ್ತದೆ. 2020ರ ಏಪ್ರಿಲ್‌ನಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯ ಡ್ರೋನ್ ಚಿತ್ರಗಳಂತೂ ಇದಕ್ಕಿಂತ ದೊಡ್ಡ ರಾಶಿ.

ಏರಿಸಿದ ಪ್ರತಿಯ ಬೆಲೆ ಏನೆಂದು ತಿಳಿಯಲು ಒಂದು ಹಳೆಯ ಸಂಗತಿ ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಕೇಂದ್ರವಾಗಿಟ್ಟುಕೊಂಡು 2000ದ ದಶಕದ ಆರಂಭದಲ್ಲಿ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಬೆಳೆಯಿತು. ಕನ್ನಡದ ಸಾವಿರಾರು ಹಳೆಯ ಪುಸ್ತಕಗಳೂ ಅದರಲ್ಲಿದ್ದವು. ಮುಂದೆ ಆ ತಾಣ ಸ್ಥಗಿತವಾಯಿತು. ಇವತ್ತಿಗೂ ಆ ಪುಸ್ತಕಗಳು ನಮಗೆ ಸಿಗುತ್ತಿವೆ ಎಂದರೆ, ಮುಕ್ತ ಮಾಹಿತಿಯ ಹೋರಾಟಗಾರ ಕಾರ್ಲ್ ಮಲಮೂದ್ ಅವುಗಳಲ್ಲಿ ಲಕ್ಷಗಟ್ಟಲೆ ಪುಸ್ತಕಗಳನ್ನು ಇಳಿಸಿಕೊಂಡು ಇಂಟರ್ನೆಟ್ ಆರ್ಕೈವ್ ಎಂಬ ಡಿಜಿಟಲ್ ಗ್ರಂಥಾಲಯಕ್ಕೆ ರಾಶಿಯಾಗಿ ಏರಿಸಿದ್ದರಿಂದ. ನಂತರ ಬೆಂಗಳೂರಿನಲ್ಲಿ ಓಂಶಿವಪ್ರಕಾಶ್ ಮೊದಲಾದವರು ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಹೆಸರಿನಲ್ಲಿ ಹೊಸದಾಗಿ ಸ್ಕ್ಯಾನ್ ಮಾಡಿದ ಪುಸ್ತಕಗಳೂ ಅದೇ ಆರ್ಕೈವ್ ಸೇರುತ್ತಿವೆ. ಕನ್ನಡದ ಮಟ್ಟಿಗೆ ರಾಶಿ ಅಪ್‌ಲೋಡ್ ಪುಸ್ತಕ ಉಳಿಸಿದ ಕೆಲಸ.

ಈಗ ಸಂಗ್ರಹದ ಸ್ವರೂಪಕ್ಕೆ ಬರೋಣ. ನಮ್ಮ ಕಂಪ್ಯೂಟರಿನ ಡಿಸ್ಕಿನಲ್ಲಿ ಕಡತದ ನಡುವೆ ಒಂದು ಸಾಲು ತಿದ್ದಬಹುದು. ಆಬ್ಜೆಕ್ಟ್ ಸ್ಟೋರೇಜ್‌ನಲ್ಲಿ ಹಾಗಿಲ್ಲ. ಒಂದು ಹೆಸರು ಕೊಟ್ಟು ಇಡೀ ವಸ್ತುವನ್ನು ಒಪ್ಪಿಸಬೇಕು, ಬದಲಿಸಬೇಕಾದರೆ ಇಡಿಯಾಗಿ ಮತ್ತೆ ಒಪ್ಪಿಸಬೇಕು. ಈ ಕಟ್ಟುನಿಟ್ಟಿನಿಂದಾಗಿಯೇ ವಸ್ತುಗಳನ್ನು ನೂರಾರು ಯಂತ್ರಗಳ ಮೇಲೆ ಹಂಚಿ, ಪ್ರತಿ ತೆಗೆದು, ಒಂದು ಡಿಸ್ಕು ಸತ್ತರೂ ಬದುಕಿಸುವುದು ಸಾಧ್ಯವಾಗಿದೆ. ಅಮೆಜಾನ್ 2006ರ ಮಾರ್ಚ್‌ನಲ್ಲಿ ಎಸ್3 ಸೇವೆ ತೆರೆಯಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಸ್‌ನಲ್ಲಿ ಓದುತ್ತಿದ್ದ ಸೇಜ್ ವೈಲ್ ಸೆಫ್ ಎಂಬ ಸಂಗ್ರಹ ವ್ಯವಸ್ಥೆಯ ಕುರಿತ ಪ್ರಬಂಧ ಪ್ರಕಟಿಸಿದರು. 2010ರಲ್ಲಿ ಓಪನ್‌ಸ್ಟಾಕ್ ಸ್ವಿಫ್ಟ್, ಆಮೇಲೆ ಮಿನಿಯೊ ಬಂದವು. ಇಂಟರ್ನೆಟ್ ಆರ್ಕೈವ್ ಕೂಡ ಎಸ್3 ಮಾದರಿಯ ಬಾಗಿಲನ್ನೇ, ಅಂದರೆ ಎಪಿಐಯನ್ನೇ, ಇಟ್ಟಿದೆ. ಬಾಗಿಲು ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಕಲಿತ ಪಾಠಗಳೂ ಬಹುತೇಕ ಎಲ್ಲ ಕಡೆ ನಡೆಯುತ್ತವೆ.

ಅಪ್‌ಲೋಡ್ ನಿಧಾನವೆಂದಾಗ ಮೊದಲು ಬೈಸಿಕೊಳ್ಳುವುದು ಲೈನು. ಅದರಲ್ಲಿ ಅರ್ಧ ನ್ಯಾಯವಿದೆ. ನಮ್ಮ ಮೊಬೈಲ್ ಜಾಲಗಳು ಬಳಸುವ 2300 ಮೆಗಾಹರ್ಟ್ಸ್‌ನ 4ಜಿಯಾಗಲಿ, 3.3 ಗಿಗಾಹರ್ಟ್ಸ್ ಸುತ್ತಿನ 5ಜಿಯಾಗಲಿ ಒಂದೇ ತರಂಗವನ್ನು ಕಾಲ ಹಂಚಿ ಎರಡೂ ದಿಕ್ಕಿಗೆ ಬಳಸುತ್ತವೆ. ಜನ ವಿಡಿಯೊ ನೋಡುವುದೇ ಹೆಚ್ಚು ಎಂದು ಹೆಚ್ಚಿನ ಪಾಲನ್ನು ಇಳಿಕೆಗೆ ಕೊಡುತ್ತವೆ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಒಯ್ದ ಭಾರತ್‌ನೆಟ್‌ನ ಜಿಪಾನ್ ತಂತ್ರದಲ್ಲೂ ಇಳಿಕೆಗೆ 2.5 ಗಿಗಾಬಿಟ್, ಏರಿಕೆಗೆ ಅದರ ಅರ್ಧ, ಅದೂ ಹಲವರ ನಡುವೆ ಹಂಚಿಕೆ. ಕೊಡುವ ಊರಿಗಿಂತ ಪಡೆಯುವ ಊರನ್ನು ಮನಸ್ಸಿನಲ್ಲಿಟ್ಟು ಈ ಜಾಲಗಳನ್ನು ಕಟ್ಟಿದ್ದಾರೆ. ‘ಭೂಮಿ’ ಯೋಜನೆಯಲ್ಲಿ ಪಹಣಿ ಅಂಕಿ ಅಕ್ಷರವಾಗಿ ಹೋಗುತ್ತಿದ್ದಾಗ ಇದು ಅಡ್ಡಿಯಾಗಲಿಲ್ಲ, ಏಕೆಂದರೆ ಒಂದು ದಾಖಲೆ ಕೆಲವೇ ಸಾವಿರ ಬೈಟು. ಅದೇ ಪುಟದ ಸ್ಪಷ್ಟ ಚಿತ್ರ ಎರಡು ಎಂಬಿ. ಭಾರ ನೂರಾರು ಪಟ್ಟು ಏರಿತು, ದಾರಿ ಆ ಪ್ರಮಾಣದಲ್ಲಿ ಅಗಲವಾಗಲಿಲ್ಲ.

ಆದರೂ ನನ್ನ ವಾದ ಬೇರೆ. ಬಹಳಷ್ಟು ಕಡೆ ಲೈನು ತುಂಬುವುದೇ ಇಲ್ಲ. ಅದು ಖಾಲಿ ಕೂತಿರುತ್ತದೆ, ನಾವು ಉತ್ತರಕ್ಕೆ ಕಾಯುತ್ತಿರುತ್ತೇವೆ.

ಲೆಕ್ಕ ಹಾಕಿಯೇ ನೋಡಬಹುದು. ಎರಡು ಲಕ್ಷ ಪುಟ, ಪುಟಕ್ಕೆ ಎರಡು ಎಂಬಿ, ಒಟ್ಟು 400 ಜಿಬಿ. ಏರಿಕೆಗೆ 20 ಎಂಬಿಪಿಎಸ್ ನಿಜವಾಗಿ ಸಿಕ್ಕರೆ ಅಷ್ಟನ್ನೂ ಸಾಗಿಸಲು ಸುಮಾರು 44 ಗಂಟೆ. ಇದು ಲೈನಿನ ಕಾಲ. ಈಗ ಒಂದೊಂದೇ ಪುಟವನ್ನು ಹೊಸ ಸಂಪರ್ಕ ತೆರೆದು ಕಳಿಸುವ ಸಾಮಾನ್ಯ ಸ್ಕ್ರಿಪ್ಟನ್ನು ಯೋಚಿಸಿ. ಟಿಸಿಪಿ ಕೈಕುಲುಕಲು ಒಂದು ಸುತ್ತು, ಟಿಎಲ್‌ಎಸ್ ಗುಟ್ಟು ಒಪ್ಪಿಕೊಳ್ಳಲು ಒಂದು, ಕೊಟ್ಟದ್ದು ಮುಟ್ಟಿತು ಎಂಬ ಉತ್ತರಕ್ಕೆ ಇನ್ನೊಂದು. ಬೆಂಗಳೂರಿನಿಂದ ಇಂಟರ್ನೆಟ್ ಆರ್ಕೈವ್ ಇರುವ ಸ್ಯಾನ್ ಫ್ರಾನ್ಸಿಸ್ಕೊ ಹದಿನಾಲ್ಕು ಸಾವಿರ ಕಿಲೋಮೀಟರು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಓಡುವುದು ಎರಡು ಲಕ್ಷ ಕಿಲೋಮೀಟರು. ನೇರ ದಾರಿ ಇದ್ದರೂ ಹೋಗಿಬರಲು 140 ಮಿಲಿಸೆಕೆಂಡು ಬೇಕೇ ಬೇಕು. ಕೇಬಲ್ ಸುತ್ತಿ ಬಳಸಿ ಹೋಗುವುದರಿಂದ 250ರ ಹತ್ತಿರ ಎಂದಿಟ್ಟುಕೊಳ್ಳೋಣ. ಮೂರು ಸುತ್ತಿಗೆ ಮುಕ್ಕಾಲು ಸೆಕೆಂಡು. ಎರಡು ಲಕ್ಷ ಪುಟಕ್ಕೆ ಸುಮಾರು 42 ಗಂಟೆ ಬರೀ ಕಾಯುವಿಕೆ, ಒಂದು ಬೈಟೂ ಸಾಗದೆ. ಹೈದರಾಬಾದಿನಲ್ಲೋ ಮುಂಬೈಯಲ್ಲೋ ಇರುವ ಕೇಂದ್ರಕ್ಕೆ 40 ಮಿಲಿಸೆಕೆಂಡು ಹಿಡಿದರೆ ಈ ಕಾಯುವಿಕೆ ಏಳು ಗಂಟೆಯೊಳಗೆ ಇಳಿಯುತ್ತದೆ. ಹಾಗಾಗಿ ದಾರಿಯ ಅಗಲ ನೋಡುವ ಮುನ್ನ ಉದ್ದ ನೋಡಬೇಕು. ಹತ್ತಿರದ ಕೇಂದ್ರಕ್ಕೆ ಮೊದಲು ಮುಟ್ಟಿಸಿ, ಅಲ್ಲಿಂದ ದೂರಕ್ಕೆ ಯಂತ್ರಗಳೇ ನಿಧಾನವಾಗಿ ನಕಲು ಮಾಡಲಿ ಎಂಬುದು ಇದರಿಂದ ಬರುವ ಮೊದಲ ಉಪಾಯ.

ಇಷ್ಟಕ್ಕೇ ಮುಗಿಯುವುದಿಲ್ಲ. ಟಿಸಿಪಿ ಹೊಸ ಸಂಪರ್ಕದಲ್ಲಿ ಒಮ್ಮೆಲೇ ವೇಗ ಹಿಡಿಯುವುದಿಲ್ಲ. ಮೊದಲ ಸುತ್ತಿಗೆ ಸುಮಾರು 14 ಕೆಬಿ, ಎರಡನೆಯದಕ್ಕೆ ಅದರ ಎರಡರಷ್ಟು, ಹೀಗೆ ದುಪ್ಪಟ್ಟಾಗುತ್ತ ಹೋಗುತ್ತದೆ. 250 ಮಿಲಿಸೆಕೆಂಡಿನ ದಾರಿಯಲ್ಲಿ 20 ಎಂಬಿಪಿಎಸ್ ತುಂಬಲು 625 ಕೆಬಿ ಸದಾ ದಾರಿಯಲ್ಲೇ ಇರಬೇಕು. ಅಲ್ಲಿಗೆ ತಲುಪುವ ಹೊತ್ತಿಗೆ ಒಂದೂವರೆ ಸೆಕೆಂಡು ಕಳೆದು, ಎರಡು ಎಂಬಿಯ ಪುಟದಲ್ಲಿ ಅರ್ಧದ ಹತ್ತಿರ ಹೋಗಿಯೇ ಬಿಟ್ಟಿರುತ್ತದೆ. ಮುಂದಿನ ಪುಟಕ್ಕೆ ಮತ್ತೆ ಮೊದಲಿನಿಂದ. ತೆರೆದ ಸಂಪರ್ಕವನ್ನು ಮುಚ್ಚದೆ ಮರುಬಳಸುವ ಒಂದೇ ಬದಲಾವಣೆಯಿಂದ ಈ ನಷ್ಟ ಬಹುತೇಕ ತಪ್ಪುತ್ತದೆ. ಅನೇಕ ಸ್ಕ್ರಿಪ್ಟುಗಳಲ್ಲಿ ಅದನ್ನು ಮಾಡಿರುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಎರಡನೆಯ ಉಪಾಯ ಮೂಟೆ ಕಟ್ಟುವುದು. ಸಿಂಧನೂರಿನ ರೈಸ್ ಮಿಲ್ಲಿಗೆ ಯಾರೂ ಭತ್ತವನ್ನು ಸೇರು ಸೇರಾಗಿ ಒಯ್ದು ಪ್ರತಿ ಸೇರಿಗೂ ರಸೀದಿ ಬರೆಸಿಕೊಳ್ಳುವುದಿಲ್ಲ. ಸಣ್ಣ ಕಡತಗಳ ವಿಷಯದಲ್ಲಿ ನಾವು ಮಾಡುತ್ತಿರುವುದು ಅದನ್ನೇ. ಸಾವಿರ ಪುಟವನ್ನು ಒಂದು ಟಾರ್ ಅಥವಾ ಜಿಪ್ ಕಡತಕ್ಕೆ ಸೇರಿಸಿ ಕಳಿಸಿದರೆ ಸಾವಿರ ರಸೀದಿಯ ಜಾಗದಲ್ಲಿ ಒಂದು. ಇಂಟರ್ನೆಟ್ ಆರ್ಕೈವ್‌ಗೆ ಪುಸ್ತಕ ಏರಿಸುವವರು ಪುಟಗಳ ಚಿತ್ರವನ್ನೆಲ್ಲ ಒಂದೇ ಜಿಪ್ ಮಾಡಿ ಕೊಡುತ್ತಾರೆ. ಅದನ್ನು ಬಿಚ್ಚಿ ಪಿಡಿಎಫ್ ಕಟ್ಟುವುದು, ಅಕ್ಷರ ಗುರುತಿಸುವುದು ಆರ್ಕೈವ್‌ನ ಕೆಲಸ. ಓಪನ್‌ಸ್ಟಾಕ್ ಸ್ವಿಫ್ಟ್‌ನಲ್ಲಿ ಟಾರ್ ಕೊಟ್ಟರೆ ಬಾಗಿಲಲ್ಲೇ ಬಿಚ್ಚಿ ಒಳಗಿನ ಪ್ರತಿಯೊಂದನ್ನೂ ಬೇರೆ ಬೇರೆ ವಸ್ತುವಾಗಿ ಇಡುವ ಅನುಕೂಲವಿದೆ, ಮಿನಿಯೊದಲ್ಲೂ ಅಂಥದ್ದಿದೆ. ಫೇಸ್‌ಬುಕ್ 2010ರಲ್ಲಿ ವಿವರಿಸಿದ ಹೇಸ್ಟಾಕ್ ಇದೇ ಕೆಲಸವನ್ನು ಸಂಗ್ರಹದ ಒಳಗೆ ಮಾಡಿತು: ಫೋಟೊಗಳನ್ನು ದೊಡ್ಡ ಕಡತಗಳಲ್ಲಿ ಒತ್ತಿಟ್ಟು, ಯಾವುದು ಎಲ್ಲಿದೆ ಎಂಬ ಸೂಚಿಯನ್ನು ಮೆಮೊರಿಯಲ್ಲಿ ಇಟ್ಟುಕೊಂಡಿತು. ಒಂದು ಎಚ್ಚರಿಕೆ ಮಾತ್ರ ಬೇಕು. ಪಹಣಿಯ ಒಂದೇ ಪುಟ ಕೇಳಲು ಬಂದವರಿಗೆ ಇಡೀ ಮೂಟೆ ಬಿಚ್ಚಿ ಕೊಡುವ ಸ್ಥಿತಿ ಬರಬಾರದು. ಯಾವ ಸರ್ವೆ ನಂಬರಿನ ಪುಟ ಮೂಟೆಯ ಯಾವ ಬೈಟಿನಿಂದ ಶುರುವಾಗುತ್ತದೆ ಎಂಬ ಪಟ್ಟಿಯನ್ನು ಕಟ್ಟುವಾಗಲೇ ಬರೆದಿಟ್ಟರೆ, ಕುಗ್ಗಿಸದ ಟಾರ್‌ನಿಂದ ಅಷ್ಟೇ ತುಂಡನ್ನು ಓದಿ ಕೊಡಬಹುದು. ಜೆಪೆಗ್ ಚಿತ್ರ ಮೊದಲೇ ಕುಗ್ಗಿರುವುದರಿಂದ ಮತ್ತೆ ಕುಗ್ಗಿಸಲು ಹೋಗುವುದು ವ್ಯರ್ಥ ಶ್ರಮ.

ಮೂಟೆ ಕಟ್ಟಲಾಗದಿದ್ದರೆ ಏಕಕಾಲಕ್ಕೆ ಹಲವು ಕೈಗಳಿಂದ ಕಳಿಸಬೇಕು. ಒಂದು ಸಂಪರ್ಕ ಉತ್ತರಕ್ಕೆ ಕಾಯುತ್ತಿರುವಾಗ ಇನ್ನೊಂದು ಸಾಗಿಸುತ್ತಿರುತ್ತದೆ. ಬೇರೆ ಹೇಳದಿದ್ದರೆ, ಕಡತ ಸಾಗಿಸುವ ಆರ್‌ಕ್ಲೋನ್ ಸಲಕರಣೆ ನಾಲ್ಕು ಕಡತಗಳನ್ನು ಒಟ್ಟಿಗೆ ಕಳಿಸುತ್ತದೆ, ಅಮೆಜಾನಿನ ಕಮಾಂಡ್ ಸಲಕರಣೆ ಹತ್ತು ವಿನಂತಿಗಳನ್ನು. ಸಣ್ಣ ಕಡತ, ದೂರದ ದಾರಿ ಇದ್ದಲ್ಲಿ ಇದನ್ನು ಏರಿಸಿದಷ್ಟೂ ಒಂದು ಮಟ್ಟದವರೆಗೆ ಲಾಭ. ಲೈನು ತುಂಬಿದ ಮೇಲೆ ಏರಿಸಿದರೆ ರೌಟರಿನ ಸರದಿ ಉದ್ದವಾಗಿ, ಅದೇ ಕಚೇರಿಯಲ್ಲಿ ಪಹಣಿ ಪ್ರಿಂಟಿಗೆ ನಿಂತ ರೈತನ ಪರದೆ ಹೆಪ್ಪುಗಟ್ಟುತ್ತದೆ. ಹಗಲು ಮಿತಿ ಹಾಕಿ ರಾತ್ರಿ ಬಿಡುವುದು ತಾಂತ್ರಿಕ ಸೂಕ್ಷ್ಮವೇನಲ್ಲ, ಆದರೆ ನಾನು ಅದನ್ನು ಕಡ್ಡಾಯ ಎನ್ನುತ್ತೇನೆ. ದಾಖಲೆ ಉಳಿಸುವ ಹೆಸರಲ್ಲಿ ದಾಖಲೆ ಕೇಳಿ ಬಂದವರನ್ನು ಬಿಸಿಲಿಗೆ ನಿಲ್ಲಿಸುವುದು ಯಾವ ರೀತಿಯಲ್ಲೂ ಸರಿಯಲ್ಲ.

ಗಮನಕ್ಕೆ ಬಾರದ ಇನ್ನೊಂದು ಸೋರಿಕೆ ಇದೆ. ಇಂಥ ಸಲಕರಣೆಗಳು ಕಳಿಸುವ ಮುನ್ನ ಅಲ್ಲಿ ಆಗಲೇ ಇದೆಯೇ ಎಂದು ನೋಡುತ್ತವೆ. ಕಡತದ ಮಾರ್ಪಾಟಿನ ದಿನಾಂಕ ಹೋಲಿಸಲು ಆರ್‌ಕ್ಲೋನ್ ಎಸ್3ನಲ್ಲಿ ಒಂದೊಂದು ವಸ್ತುವಿಗೂ ಪ್ರತ್ಯೇಕವಾಗಿ ವಿಚಾರಿಸಬೇಕಾಗುತ್ತದೆ. ಗಾತ್ರ ಅಥವಾ ಚೆಕ್‌ಸಮ್ ಹೋಲಿಸು ಎಂದರೆ ಪಟ್ಟಿಯಲ್ಲೇ ಉತ್ತರ ಸಿಗುತ್ತದೆ. ನಿತ್ಯ ರಾತ್ರಿ ಅದೇ ಫೋಲ್ಡರನ್ನು ಮತ್ತೆ ಓಡಿಸುವ ಕಡೆ ಈ ವಿಚಾರಣೆಯೇ ಸಾಗಣೆಗಿಂತ ಹೆಚ್ಚು ಹೊತ್ತು ತಿನ್ನಬಲ್ಲದು.

ದೊಡ್ಡ ಕಡತಗಳ ಕಥೆ ಬೇರೆ. ಡ್ರೋನ್ ಚಿತ್ರದ 50 ಜಿಬಿ ಕಡತ ಒಂದೇ ಏಟಿಗೆ ಹೋಗುವುದಿಲ್ಲ, ಎಸ್3 ಒಂದೇ ವಿನಂತಿಯಲ್ಲಿ ಸ್ವೀಕರಿಸುವುದು ಐದು ಜಿಬಿಯವರೆಗೆ. 2010ರ ನವೆಂಬರ್‌ನಲ್ಲಿ ಬಂದ ಮಲ್ಟಿಪಾರ್ಟ್ ಅಪ್‌ಲೋಡ್ ಕಡತವನ್ನು ತುಂಡು ಮಾಡಿ, ತುಂಡುಗಳನ್ನು ಯಾವ ಕ್ರಮದಲ್ಲಾದರೂ ಸೇರಿಸಿ, ಕೊನೆಗೆ ಒಂದಾಗಿ ಹೊಲಿಯುತ್ತದೆ. ತುಂಡು ಕನಿಷ್ಠ ಐದು ಎಂಬಿ, ಹೆಚ್ಚೆಂದರೆ ಹತ್ತು ಸಾವಿರ ತುಂಡು. ಎಂಟು ಎಂಬಿಯ ತುಂಡಿನಲ್ಲಿ 80 ಜಿಬಿ ದಾಟಲಾಗದು ಎಂದು ಲೆಕ್ಕ ಹೇಳುತ್ತದೆ. ಪುಸ್ತಕಗಳಲ್ಲಿ ತುಂಡು ದೊಡ್ಡದಿದ್ದಷ್ಟು ಒಳ್ಳೆಯದು ಎಂದು ಬರೆದಿರುತ್ತಾರೆ, ಅದು ಡೇಟಾ ಸೆಂಟರಿನೊಳಗಿನ ಮಾತು. ಬಳಗಾನೂರಿನಂಥ ಊರಿನಲ್ಲಿ ಏರಿಕೆ ಐದು ಎಂಬಿಪಿಎಸ್‌ಗೆ ಇಳಿದಾಗ 64 ಎಂಬಿಯ ತುಂಡಿಗೆ ಎರಡು ನಿಮಿಷದ ಹತ್ತಿರ ಬೇಕು. ಅದರ ನಡುವೆ ಕರೆಂಟು ಹೋದರೆ ಅಷ್ಟೂ ಮತ್ತೆ ಮೊದಲಿನಿಂದ. ಎಂಟು ಎಂಬಿಯ ತುಂಡಾದರೆ ನಷ್ಟ ಹದಿಮೂರು ಸೆಕೆಂಡು. ಇಲ್ಲಿ ಗರಿಷ್ಠ ವೇಗಕ್ಕಿಂತ ಬಿಟ್ಟಲ್ಲಿಂದ ಮುಂದುವರಿಯುವ ಶಕ್ತಿ ದೊಡ್ಡದು. ಮುಟ್ಟಿದ ತುಂಡು ಮತ್ತೆ ಹೋಗಬಾರದು, ಅದಕ್ಕಾಗಿ ಯಾವ ತುಂಡು ಮುಟ್ಟಿದೆ ಎಂಬ ದಾಖಲೆ ಕಳಿಸುವ ಯಂತ್ರದ ಡಿಸ್ಕಿನಲ್ಲಿ ಬರೆದಿರಬೇಕು, ಮೆಮೊರಿಯಲ್ಲಲ್ಲ. ಅರ್ಧಕ್ಕೆ ನಿಂತ ತುಂಡುಗಳು ಸಂಗ್ರಹದಲ್ಲಿ ಕಣ್ಣಿಗೆ ಕಾಣದೆ ಜಾಗ ಹಿಡಿದು ಬಾಡಿಗೆ ಬೆಳೆಸುತ್ತವೆ. ಕೆಲವು ದಿನಗಳ ನಂತರ ತಾನಾಗಿ ಅಳಿಯುವ ನಿಯಮ ಹಾಕಬೇಕು.

ಇನ್ನು ಆಚೆ ದಡ. ಸಂಗ್ರಹವೇ ನಿಧಾನವಾಗುವುದು ನಿಜಕ್ಕೂ ಇದೆ, ಆದರೆ ಒಂದು ತಾಲ್ಲೂಕಿನಿಂದ ನೋಡಿದರೆ ಅದು ಕಾಣುವುದಿಲ್ಲ. ರಾಜ್ಯದ ಇನ್ನೂರು ತಾಲ್ಲೂಕು ಒಟ್ಟಿಗೆ 20 ಎಂಬಿಪಿಎಸ್‌ನಂತೆ ಕಳಿಸಿದರೆ ಒಟ್ಟು ನಾಲ್ಕು ಗಿಗಾಬಿಟ್, ಅಂದರೆ ಸೆಕೆಂಡಿಗೆ 250 ಪುಟ. ಮೂರು ಪ್ರತಿ ಇಡುವ ಸೆಫ್‌ನಂಥ ವ್ಯವಸ್ಥೆಯಲ್ಲಿ ಮೂರೂ ಬರೆದಾದ ಮೇಲೆಯೇ ‘ಮುಟ್ಟಿತು’ ಎಂಬ ಉತ್ತರ. ಹಾಗಾಗಿ ಅತಿ ನಿಧಾನದ ಡಿಸ್ಕು ಎಲ್ಲರ ವೇಗವನ್ನು ನಿರ್ಧರಿಸುತ್ತದೆ. ತಿರುಗುವ ಡಿಸ್ಕು ಅಲ್ಲೊಂದು ಇಲ್ಲೊಂದು ಬರೆಯಬೇಕಾದರೆ ಸೆಕೆಂಡಿಗೆ ನೂರರ ಒಳಗೇ ನಿಲ್ಲುತ್ತದೆ. ಸೆಫ್‌ನ ಹಳೆಯ ಫೈಲ್‌ಸ್ಟೋರ್ ಪ್ರತಿ ಬರಹವನ್ನೂ ಮೊದಲು ಜರ್ನಲ್‌ಗೆ, ಆಮೇಲೆ ಕಡತಕ್ಕೆ ಎಂದು ಎರಡು ಸಲ ಬರೆಯುತ್ತಿತ್ತು. 2017ರ ಲುಮಿನಸ್ ಆವೃತ್ತಿಯಲ್ಲಿ ಬ್ಲೂಸ್ಟೋರ್ ನೇರವಾಗಿ ಡಿಸ್ಕಿಗೆ ಬರೆಯತೊಡಗಿ ದೊಡ್ಡ ಬರಹಗಳ ಮಟ್ಟಿಗೆ ಆ ಎರಡನೆಯ ಶ್ರಮ ತಪ್ಪಿಸಿತು. ಅದರ ಸೂಚಿಯನ್ನು ಎಸ್‌ಎಸ್‌ಡಿ ಮೇಲೆ, ಚಿತ್ರಗಳನ್ನು ಅಗ್ಗದ ಡಿಸ್ಕಿನ ಮೇಲೆ ಇಡುವುದು ಹಣಕ್ಕೆ ತಕ್ಕ ಫಲ ಕೊಡುವ ಏರ್ಪಾಡು.

ಸೂಚಿಯ ಗಂಟು ಇನ್ನೂ ಬಿಗಿ. ಸೆಫ್‌ನ ಗೇಟ್‌ವೇಯಲ್ಲಿ ಒಂದು ಬಕೆಟ್ಟಿನ, ಅಂದರೆ ವಸ್ತುಗಳನ್ನು ಗುಂಪಾಗಿ ಇಡುವ ಡಬ್ಬಿಯ, ಪಟ್ಟಿ ತುಣುಕು ತುಣುಕಾಗಿ ಇರುತ್ತದೆ. ತುಣುಕಿಗೆ ಒಂದು ಲಕ್ಷ ವಸ್ತು ಎಂಬುದು ರೂಢಿಯ ಮಿತಿ. ಒಂದು ಕೋಟಿ ಪುಟ ಒಂದೇ ಬಕೆಟ್ಟಿಗೆ ಬಂದರೆ ನೂರು ತುಣುಕು ಬೇಕು. ಇದನ್ನು ಮೊದಲೇ ಹಾಕದಿದ್ದರೆ ಏರಿಕೆಯ ನಡುವೆಯೇ ಪಟ್ಟಿಯನ್ನು ಒಡೆದು ಹಂಚುವ ಕೆಲಸ ಎದ್ದು ಬರಹ ನಿಲ್ಲುತ್ತದೆ. ಸ್ವಿಫ್ಟ್‌ನ ಕಂಟೇನರ್ ಪಟ್ಟಿ ಒಂದು ಎಸ್‌ಕ್ಯೂಲೈಟ್ ಡೇಟಾಬೇಸು, ಕೋಟಿ ದಾಟಿದಾಗ ಅದೂ ಏದುಸಿರು ಬಿಡುತ್ತದೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಒಂದು ಐಟಂಗೆ ಬರುವ ಕೆಲಸಗಳು ಸರದಿಯಲ್ಲಿ ಒಂದರ ಹಿಂದೆ ಒಂದು ನಡೆಯುತ್ತವೆ. ಸಾವಿರ ಕಡತವನ್ನು ಒಂದೇ ಐಟಂಗೆ ಸುರಿದು ಹಲವು ಕೈ ಹಚ್ಚಿದರೆ ಲಾಭವಿಲ್ಲ, ಬೇರೆ ಬೇರೆ ಐಟಂಗಳಿಗೆ ಹಂಚಿದರೆ ಇದೆ. ಭೂದಾಖಲೆಗೆ ಇದನ್ನು ಅನ್ವಯಿಸಿದರೆ ತಾಲ್ಲೂಕಿಗೊಂದು ಬಕೆಟ್ಟು, ಅದರಲ್ಲಿ ಪುಟಗಳ ಬದಲು ಗ್ರಾಮದ ಮೂಟೆಗಳು. ಎಣಿಕೆ ಸಾವಿರ ಪಟ್ಟು ಇಳಿದರೆ ಸೂಚಿಯ ತಲೆನೋವೇ ಉಳಿಯುವುದಿಲ್ಲ.

ಪೂರ್ತಿ ಪ್ರತಿಗಳ ಬದಲು ವಸ್ತುವನ್ನು ಭಾಗ ಮಾಡಿ ಇಡುವ ಎರೇಷರ್ ಕೋಡಿಂಗ್ ಬಗ್ಗೆ ಒಂದೇ ಮಾತು. ನಾಲ್ಕು ಭಾಗಕ್ಕೆ ಎರಡು ಹೆಚ್ಚುವರಿ ಭಾಗ ಸೇರಿಸಿದರೆ ಮೂರು ಪಟ್ಟಿನ ಬದಲು ಒಂದೂವರೆ ಪಟ್ಟು ಜಾಗ ಸಾಕು. ದೊಡ್ಡ ಮೂಟೆಗಳಿಗೆ ಅದು ಒಪ್ಪುತ್ತದೆ, ಸಣ್ಣ ಚೂರುಗಳಿಗೆ ಹಿಡಿಸದು.

ಕೊನೆಗೆ, ಲೈನನ್ನೇ ಬಿಟ್ಟು ಡಿಸ್ಕನ್ನು ಬಸ್ಸಿನಲ್ಲಿ ಕಳಿಸುವ ದಾರಿ. ಇದನ್ನು ನಾಚಿಕೆಯೆಂದು ಭಾವಿಸುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ಅಮೆಜಾನ್ 2015ರಲ್ಲಿ ಸ್ನೋಬಾಲ್ ಎಂಬ ಪೆಟ್ಟಿಗೆಯನ್ನು ತಂದದ್ದೇ ಇದಕ್ಕಾಗಿ. ನಾಲ್ಕು ಟಿಬಿಯ ಡಿಸ್ಕು ಸಿಂಧನೂರಿನಿಂದ ರಾತ್ರಿ ಬಸ್ಸು ಹತ್ತಿ ಹತ್ತು ಗಂಟೆಯಲ್ಲಿ ಬೆಂಗಳೂರು ಸೇರಿತೆಂದರೆ ಅದು ಸುಮಾರು 890 ಎಂಬಿಪಿಎಸ್‌ಗೆ ಸಮ. ಪ್ರಾಮಾಣಿಕವಾಗಿ ಲೆಕ್ಕ ಹಾಕಬೇಕಾದರೆ ಇಲ್ಲಿ ನಕಲು ಮಾಡಲು ಒಂಬತ್ತು ಗಂಟೆ, ಅಲ್ಲಿ ಇಳಿಸಲು ಒಂಬತ್ತು ಗಂಟೆ ಸೇರಿಸಬೇಕು. ಆಗಲೂ 300ಕ್ಕಿಂತ ಹೆಚ್ಚು. ಹಳೆಯ ರಾಶಿಗೆ ಬಸ್ಸು, ದಿನದಿನದ ಹೊಸ ಪುಟಗಳಿಗೆ ಲೈನು ಎಂದು ಹಂಚುವುದು ನನಗೆ ತೋಚುವ ಸರಿಯಾದ ಏರ್ಪಾಡು. ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿಯೇ ಕಳಿಸಬೇಕು. ಅದರಲ್ಲಿರುವುದು ಜನರ ಆಸ್ತಿಯ ಪುರಾವೆ.

ಯಾವ ಉಪಾಯ ಮೊದಲು ಎಂಬುದನ್ನು ಅರ್ಧ ದಿನದ ಪರೀಕ್ಷೆ ಹೇಳಿಬಿಡುತ್ತದೆ. ಒಂದು ಜಿಬಿಯ ಒಂದೇ ಕಡತ ಕಳಿಸಿ ವೇಗ ಬರೆದಿಟ್ಟುಕೊಳ್ಳಬೇಕು. ಅದೇ ಒಂದು ಜಿಬಿಯನ್ನು ಐನೂರು ಪುಟಗಳಾಗಿ ಕಳಿಸಬೇಕು. ಎರಡನೆಯದು ಮಾತ್ರ ನಿಧಾನವಾದರೆ ಕಾಯುವಿಕೆ ರೋಗ: ಮೂಟೆ ಕಟ್ಟಿ, ಸಂಪರ್ಕ ಮರುಬಳಸಿ, ಕೈ ಹೆಚ್ಚಿಸಿ. ಎರಡೂ ನಿಧಾನವಾಗಿ, ಸಂಪರ್ಕ ಹೆಚ್ಚಿಸಿದರೂ ಬದಲಾಗದಿದ್ದರೆ ಲೈನು ತುಂಬಿದೆ, ಹಣ ಅಥವಾ ಬಸ್ಸು ಬೇಕು. ಸಂಗ್ರಹದ ಪಕ್ಕದಲ್ಲೇ ಇರುವ ಯಂತ್ರದಿಂದ ಕಳಿಸಿದಾಗಲೂ ನಿಧಾನವಾದರೆ ಆಚೆ ದಡದವರನ್ನು ಎಬ್ಬಿಸಬೇಕು.

ಮತ್ತು ಮುಟ್ಟಿದೆ ಎಂಬ ಉತ್ತರ ಬಂದ ಮಾತ್ರಕ್ಕೆ ತಾಲ್ಲೂಕಿನ ಪ್ರತಿ ಅಳಿಸಕೂಡದು. ಸ್ಕ್ಯಾನರಿನ ಯಂತ್ರದಲ್ಲೇ ಪ್ರತಿ ಪುಟದ ಚೆಕ್‌ಸಮ್ ತೆಗೆದು ಪಟ್ಟಿ ಮಾಡಬೇಕು, ಪಟ್ಟಿಯೂ ಮೂಟೆಯ ಜೊತೆ ಹೋಗಬೇಕು. ಸಂಗ್ರಹದಿಂದ ಮರಳಿ ಓದಿ ಆ ಪಟ್ಟಿಗೆ ತಾಳೆ ನೋಡಿದ ಮೇಲೆ, ಎಣಿಕೆಯೂ ಒಂದಾದ ಮೇಲೆ, ಇಲ್ಲಿಯ ಡಿಸ್ಕನ್ನು ಮುಂದಿನ ಗ್ರಾಮದ ಪುಟಗಳಿಗೆ ಖಾಲಿ ಮಾಡಬಹುದು.